ಆಸ್ಪತ್ರೆಯ ತಪ್ಪು ಹೇಳಿದ ನರ್ಸ್‌ಗೆ ಯಾರು ದಿಕ್ಕು?

2020ರ ಏಪ್ರಿಲ್. ಕೋವಿಡ್ ಲಾಕ್‌ಡೌನ್ ಆಗಷ್ಟೇ ಶುರುವಾಗಿತ್ತು. ಆಂಧ್ರದ ನರಸೀಪಟ್ನಂ ಸರ್ಕಾರಿ ಆಸ್ಪತ್ರೆಯ ಅರಿವಳಿಕೆ ತಜ್ಞ ಡಾ. ಸುಧಾಕರ್ ರಾವ್ ಒಂದು ಮಾತು ಹೇಳಿದರು: ನಮಗೆ ಸಾಕಷ್ಟು ಎನ್-95 ಮಾಸ್ಕ್ ಇಲ್ಲ, ಪಿಪಿಇ ಕಿಟ್ ಇಲ್ಲ. ಆ ವಿಡಿಯೊ ಎಲ್ಲ ಕಡೆ ಹರಡಿತು. ಸರ್ಕಾರ ಅವರನ್ನು ಸಸ್ಪೆಂಡ್ ಮಾಡಿತು. ಮೇ 16ರಂದು ವಿಶಾಖಪಟ್ಟಣದ ರಸ್ತೆಯಲ್ಲಿ ಪೊಲೀಸರು ಅವರ ಕೈಗಳನ್ನು ಬೆನ್ನ ಹಿಂದೆ ಕಟ್ಟಿದ ದೃಶ್ಯವನ್ನು ಇಡೀ ದೇಶ ನೋಡಿತು. ಕುಡಿದು ಗಲಾಟೆ ಮಾಡುತ್ತಿದ್ದರು ಅಂತ ಪೊಲೀಸರು ಹೇಳಿದರು. ಅಲ್ಲಿಂದ ಮಾನಸಿಕ ಆಸ್ಪತ್ರೆಗೆ ಸೇರಿಸಿದರು. ಹೈಕೋರ್ಟ್ ಸಿಬಿಐ ತನಿಖೆಗೆ ಆದೇಶ ಕೊಟ್ಟಿತು. ಒಂದು ವರ್ಷ ಕಳೆದು, 2021ರ ಮೇ ತಿಂಗಳಲ್ಲಿ, ಅವರು ಹೃದಯಾಘಾತದಿಂದ ತೀರಿಕೊಂಡರು.

ಅವರು ಹೇಳಿದ ಮಾತು ನಿಜವೋ ಸುಳ್ಳೋ ಅಂತ ನೋಡುವುದು ಎಷ್ಟು ಸುಲಭವಿತ್ತು ಯೋಚಿಸಿ. ಸ್ಟೋರ್ ರೂಮಿಗೆ ಹೋಗಿ ಮಾಸ್ಕ್ ಎಣಿಸಬೇಕಿತ್ತು. ಸ್ಟಾಕ್ ರಿಜಿಸ್ಟರ್ ತೆಗೆದು ನೋಡಬೇಕಿತ್ತು. ಆದರೆ ಮಾತು ಮಾಸ್ಕ್ ಬಿಟ್ಟು ಮನುಷ್ಯನ ಮೇಲೆ ಹೊರಳಿತು. ಯಾವ ಪಕ್ಷದ ಪರ ಮಾತಾಡ್ತಿದ್ದಾರೆ, ಕುಡೀತಾರಾ, ತಲೆ ಸರಿ ಇದೆಯಾ ಅನ್ನುವುದೇ ಚರ್ಚೆಯಾಯಿತು. ಆಸ್ಪತ್ರೆಗಳಲ್ಲಿ ದನಿ ಎತ್ತಿದವರ ಕಥೆ ಯಾವ ದೇಶದ್ದೇ ತೆಗೆದುಕೊಳ್ಳಿ, ಈ ಹೊರಳು ಅದರಲ್ಲಿ ಇದ್ದೇ ಇರುತ್ತದೆ. ದೂರಿನ ವಿಚಾರಣೆ ಆಗುವ ಜಾಗದಲ್ಲಿ ದೂರು ಕೊಟ್ಟವರ ವಿಚಾರಣೆ ಆಗುತ್ತದೆ. ಹಾಗಾಗಿ ಸಂಸ್ಥೆಯ ಒಳಗಿದ್ದೇ ತಪ್ಪನ್ನು ಬಯಲಿಗೆಳೆಯುವ ವಿಷಲ್ ಬ್ಲೋವರ್‌ಗಳಿಗೆ ಎಂಥ ರಕ್ಷಣೆ ಬೇಕು ಎಂಬ ಪ್ರಶ್ನೆಯನ್ನು ಈ ಹೊರಳನ್ನು ತಡೆಯುವುದು ಹೇಗೆ ಎಂಬಲ್ಲಿಂದಲೇ ಶುರು ಮಾಡಬೇಕು ಅನ್ನುವುದು ನನ್ನ ಅಭಿಪ್ರಾಯ.

ಬೇರೆ ಕಚೇರಿಗಳಲ್ಲೂ ತಪ್ಪು ನಡೆಯುತ್ತದೆ. ಆದರೆ ರಸ್ತೆಗೆ ಟಾರು ಕಮ್ಮಿ ಹಾಕಿದ್ದು ಮೊದಲ ಮಳೆಗೇ ಊರಿಗೆಲ್ಲ ಕಾಣುತ್ತದೆ. ಆಸ್ಪತ್ರೆಯಲ್ಲಿ ಹಾಗಲ್ಲ. ಆಪರೇಷನ್ ಟೇಬಲ್ ಮೇಲೆ ಮಲಗಿದವರಿಗೆ ಪ್ರಜ್ಞೆ ಇರುವುದಿಲ್ಲ. ಹೊರಗೆ ಕುರ್ಚಿಯಲ್ಲಿ ಕೂತ ಮನೆಯವರಿಗೆ ಒಳಗೆ ಏನಾಯಿತು ಅಂತ ತಿಳಿಯುವುದಿಲ್ಲ. ಒಮ್ಮೆ ಬಳಸಿ ಬಿಸಾಡಬೇಕಾದ ಕ್ಯಾತಿಟರ್ ನಳಿಕೆ ಎರಡನೇ ಸಲ ಬಂತಾ, ಉಪಕರಣಗಳ ಸೋಂಕು ಕಳೆಯುವ ಆಟೊಕ್ಲೇವ್ ಯಂತ್ರ ನಿಜವಾಗಿ ಓಡಿತಾ, ರಾತ್ರಿ ನೋಡದ ಬಿಪಿಯನ್ನು ಬೆಳಗ್ಗೆ ಕೂತು ಚಾರ್ಟ್‌ನಲ್ಲಿ ತುಂಬಿದರಾ, ಬೇಡದ ಸ್ಟೆಂಟ್ ಹಾಕಿದರಾ? ಇವೆಲ್ಲ ಗೊತ್ತಾಗುವುದು ಒಳಗಿನವರಿಗೆ ಮಾತ್ರ. ನರ್ಸ್, ಥಿಯೇಟರ್ ಟೆಕ್ನಿಷಿಯನ್, ಫಾರ್ಮಸಿಸ್ಟ್, ಜೂನಿಯರ್ ಡಾಕ್ಟರ್, ವಾರ್ಡ್ ಬಾಯ್, ಬಿಲ್ಲಿಂಗ್ ಕೌಂಟರಿನ ಹುಡುಗಿ. ಇವರು ಬಾಯಿ ಮುಚ್ಚಿಕೊಂಡರೆ ರೋಗಿಯ ಪರ ಸಾಕ್ಷಿಯೇ ಇಲ್ಲ.

2023ರ ಕೊನೆಯಲ್ಲಿ ಬೆಂಗಳೂರಿನ ಪೊಲೀಸರು ಹಿಡಿದ ಹೆಣ್ಣುಭ್ರೂಣ ಹತ್ಯೆ ಜಾಲ ನೆನಪಿರಬಹುದು. ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್, ಮೈಸೂರಿನ ಆಸ್ಪತ್ರೆಯಲ್ಲಿ ಗರ್ಭಪಾತ. ಮೂರು ವರ್ಷಗಳಲ್ಲಿ ಇಂಥ ಸುಮಾರು 900 ಗರ್ಭಪಾತ ಆಗಿರಬಹುದು ಅಂತ ಪೊಲೀಸರು ಆಗ ಹೇಳಿದ್ದರು. ಇಷ್ಟು ದೊಡ್ಡ ಕೆಲಸ ಒಬ್ಬಿಬ್ಬರಿಂದ ನಡೆಯುವುದಿಲ್ಲ. ಬಂಧಿತರಲ್ಲಿ ವೈದ್ಯರ ಜೊತೆಗೆ ಆಸ್ಪತ್ರೆಯ ಮ್ಯಾನೇಜರ್, ಲ್ಯಾಬ್ ಟೆಕ್ನಿಷಿಯನ್ ಕೂಡ ಇದ್ದರು. ಇದೆಲ್ಲ ಬಯಲಿಗೆ ಬಂದಿದ್ದು ಹೇಗೆ? ಬೆಂಗಳೂರಿನ ರಸ್ತೆಯಲ್ಲಿ ಒಂದು ಕಾರಿನ ಮೇಲೆ ಪೊಲೀಸರಿಗೆ ಅನುಮಾನ ಬಂದಿದ್ದರಿಂದ. ಆಸ್ಪತ್ರೆಯೊಳಗಿಂದ ಬಂದ ದೂರಿನಿಂದಲ್ಲ. ಆ ಕಾರು ಅವತ್ತು ಬೇರೆ ದಾರಿ ಹಿಡಿದಿದ್ದರೆ ಇನ್ನೆಷ್ಟು ವರ್ಷ ನಡೆಯುತ್ತಿತ್ತೋ.

ಒಳಗಿನವರು ಯಾಕೆ ಮಾತಾಡುವುದಿಲ್ಲ? ಎಲ್ಲರೂ ಪಾಲುದಾರರು ಅಂತಲ್ಲ. ಮಾತಾಡಿದರೆ ಏನಾಗುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಸುಧಾಕರ್ ಅವರಿಗೆ ಆದಂಥದ್ದು ಅಪರೂಪ. ದಿನನಿತ್ಯದ ಶಿಕ್ಷೆ ಸುದ್ದಿಯಾಗುವುದೇ ಇಲ್ಲ. ಪರಿಚಯದ ಯಾವ ನರ್ಸ್ ಅನ್ನಾದರೂ ಕೇಳಿ ನೋಡಿ. ಮೊದಲು ಡ್ಯೂಟಿ ಪಟ್ಟಿ ಬದಲಾಗುತ್ತದೆ, ಬೆನ್ನುಬೆನ್ನಿಗೆ ನೈಟ್ ಡ್ಯೂಟಿ ಬೀಳುತ್ತದೆ. ಕೇಳಿದ ರಜೆ ಸಿಗುವುದಿಲ್ಲ. ಹತ್ತು ನಿಮಿಷ ತಡವಾಗಿ ಬಂದಿದ್ದಕ್ಕೆ ಮೆಮೊ ಬರುತ್ತದೆ. ಅದೇ ತಡಕ್ಕೆ ಉಳಿದವರಿಗೆ ಏನೂ ಇಲ್ಲ. ಆಮೇಲೆ ಕಾರಣ ಕೇಳಿ ನೋಟಿಸ್. ಸರ್ಕಾರಿ ಆಸ್ಪತ್ರೆಯಾದರೆ ದೂರದ ತಾಲ್ಲೂಕಿಗೆ ನಿಯೋಜನೆ, ಅದೂ ಮಕ್ಕಳ ಪರೀಕ್ಷೆ ಹತ್ತಿರ ಇರುವಾಗ.

ಗುತ್ತಿಗೆ ನೌಕರರಿಗೆ ಇಷ್ಟೂ ಬೇಕಿಲ್ಲ. ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ಕೆಲಸ ಮಾಡುವ ಸಾವಿರಾರು ನರ್ಸ್, ಲ್ಯಾಬ್ ಟೆಕ್ನಿಷಿಯನ್‌ಗಳ ಗುತ್ತಿಗೆ ವರ್ಷ ವರ್ಷ ನವೀಕರಣ ಆಗಬೇಕು. ಮಾರ್ಚ್ ಬಂದಾಗ ಒಂದು ಹೆಸರು ಪಟ್ಟಿಯಿಂದ ಬಿಟ್ಟುಹೋದರೆ ಅದನ್ನು ವಜಾ ಅಂತ ಯಾರೂ ಕರೆಯುವುದಿಲ್ಲ. ಹೊರಗುತ್ತಿಗೆಯ ಸ್ವಚ್ಛತಾ ಸಿಬ್ಬಂದಿಯಾದರೆ ಏಜೆನ್ಸಿಗೆ ಒಂದು ಫೋನ್ ಸಾಕು, ನಾಳೆಯಿಂದ ಬರಬೇಡ.

ಖಾಸಗಿ ಆಸ್ಪತ್ರೆಗಳಲ್ಲಿ ಇನ್ನೊಂದು ಅಸ್ತ್ರ ಇದೆ. ಅನುಭವ ಪತ್ರ. ಕೆಲವು ಕಡೆ ಕೆಲಸಕ್ಕೆ ಸೇರುವಾಗಲೇ ಬಾಂಡ್ ಬರೆಸಿಕೊಂಡು ಒರಿಜಿನಲ್ ಸರ್ಟಿಫಿಕೇಟ್ ಇಟ್ಟುಕೊಳ್ಳುವ ರೂಢಿ ಇತ್ತು, ಇನ್ನೂ ಪೂರ್ತಿ ಹೋಗಿಲ್ಲ. ಗಲ್ಫ್‌ಗೋ ಬ್ರಿಟನ್‌ಗೋ ಹೋಗುವ ಆಸೆ ಇಟ್ಟುಕೊಂಡ ಮಂಗಳೂರು, ಉಡುಪಿ ಕಡೆಯ ಹುಡುಗಿಗೆ ಎರಡು ವರ್ಷದ ಅನುಭವ ಪತ್ರವೇ ಪಾಸ್‌ಪೋರ್ಟ್ ಇದ್ದ ಹಾಗೆ. ಅದು ಯಾರ ಕೈಯಲ್ಲಿದೆಯೋ ಅವರ ವಿರುದ್ಧ ಆಕೆ ಹೇಗೆ ಬರೆದುಕೊಟ್ಟಾಳು?

ಇಷ್ಟೂ ಶಿಕ್ಷೆಗಳಲ್ಲಿ ಒಂದು ಸಮಾನ ಅಂಶ ಇದೆ. ಯಾವುದರ ಮೇಲೂ "ದೂರು ಕೊಟ್ಟಿದ್ದಕ್ಕೆ" ಅಂತ ಬರೆದಿರುವುದಿಲ್ಲ. ಒಂದೊಂದಕ್ಕೂ ಬೇರೆ ಕಾರಣ ಇರುತ್ತದೆ, ಅದಕ್ಕೆ ಕಾಗದವೂ ಇರುತ್ತದೆ. ಇದು ಸೇಡು ಅಂತ ಸಾಬೀತು ಮಾಡುವ ಹೊರೆ ನರ್ಸ್ ಮೇಲೆಯೇ ಬಿದ್ದರೆ ಆಕೆ ಗೆಲ್ಲುವುದು ಅಸಾಧ್ಯ. ಫೈಲುಗಳೆಲ್ಲ ಆಡಳಿತದ ಬೀರುವಿನಲ್ಲೇ ಇರುತ್ತವೆ ಅಲ್ವಾ.

ಕಾನೂನು ಏನು ಹೇಳುತ್ತದೆ ನೋಡೋಣ. ವೈದ್ಯರಿಗೆ ಮಾತಾಡುವ ಕರ್ತವ್ಯ ಇದೆ. 2002ರ ವೈದ್ಯಕೀಯ ನೀತಿ ನಿಯಮಗಳ 1.7ನೇ ಅಂಶದ ಪ್ರಕಾರ, ವೃತ್ತಿಯಲ್ಲಿರುವ ಯಾರೇ ಆದರೂ ಅಸಮರ್ಥರಾಗಿದ್ದರೆ, ಭ್ರಷ್ಟರಾಗಿದ್ದರೆ, ಅಪ್ರಾಮಾಣಿಕರಾಗಿದ್ದರೆ ವೈದ್ಯರು ಅದನ್ನು ಭಯ, ದಾಕ್ಷಿಣ್ಯ ಇಲ್ಲದೆ ಬಯಲು ಮಾಡಬೇಕು. ಬಯಲು ಮಾಡಿದವರನ್ನು ಕಾಯುವವರು ಯಾರು ಎಂಬ ಬಗ್ಗೆ ಆ ನಿಯಮದಲ್ಲಿ ಏನೂ ಇಲ್ಲ.

ಕಾಯಬೇಕಾದ ಕಾನೂನು ಬೇರೆ ಇದೆ, ವಿಷಲ್ ಬ್ಲೋವರ್ಸ್ ರಕ್ಷಣಾ ಕಾಯ್ದೆ, 2014. ಅದು ಹುಟ್ಟಿದ ಹಿನ್ನೆಲೆಯಲ್ಲಿ ಎರಡು ಕೊಲೆಗಳಿವೆ. 2003ರಲ್ಲಿ ಹೆದ್ದಾರಿ ಕಾಮಗಾರಿಯ ಅಕ್ರಮ ಬರೆದು ತಿಳಿಸಿದ ಎಂಜಿನಿಯರ್ ಸತ್ಯೇಂದ್ರ ದುಬೆ ಗಯಾದಲ್ಲಿ ಗುಂಡಿಗೆ ಬಲಿಯಾದರು. ತನ್ನ ಹೆಸರು ಗುಟ್ಟಾಗಿಡಿ ಅಂತ ಅವರು ಕೇಳಿಕೊಂಡಿದ್ದರು, ಆದರೂ ಹೆಸರು ಹೊರಬಿದ್ದಿತ್ತು. 2005ರಲ್ಲಿ ಪೆಟ್ರೋಲ್ ಕಲಬೆರಕೆ ಹಿಡಿದ ಇಂಡಿಯನ್ ಆಯಿಲ್ ಅಧಿಕಾರಿ ಮಂಜುನಾಥ್ ಉತ್ತರ ಪ್ರದೇಶದ ಲಖೀಂಪುರ ಖೇರಿಯಲ್ಲಿ ಕೊಲೆಯಾದರು. ಅವರು ನಮ್ಮ ಕೋಲಾರದ ಕಡೆಯ ಹುಡುಗ, ಮೈಸೂರಿನಲ್ಲಿ ಎಂಜಿನಿಯರಿಂಗ್ ಓದಿದವರು. ಈ ಸಾವುಗಳ ಬಳಿಕ ವರ್ಷಗಟ್ಟಲೆ ಒತ್ತಡ ಬಂದು, 2014ರ ಫೆಬ್ರವರಿಯಲ್ಲಿ ಸಂಸತ್ತಿನ ಒಪ್ಪಿಗೆ ಸಿಕ್ಕಿತು. ಮೇ ತಿಂಗಳಲ್ಲಿ ರಾಷ್ಟ್ರಪತಿಗಳ ಅಂಕಿತವೂ ಬಿತ್ತು. ಆದರೆ ಕಾಯ್ದೆ ಜಾರಿಗೆ ಬರಬೇಕಾದರೆ ಕೇಂದ್ರ ಸರ್ಕಾರ ಒಂದು ದಿನಾಂಕ ಗೊತ್ತು ಮಾಡಿ ಅಧಿಸೂಚನೆ ಹೊರಡಿಸಬೇಕು. ಅದು ಹೊರಡಲೇ ಇಲ್ಲ. 2015ರಲ್ಲಿ ಕಾಯ್ದೆಯ ವ್ಯಾಪ್ತಿಯನ್ನು ಕತ್ತರಿಸುವ ತಿದ್ದುಪಡಿ ಲೋಕಸಭೆಯಲ್ಲಿ ಪಾಸಾಯಿತು. ರಾಜ್ಯಸಭೆಯಲ್ಲಿ ಅದು ಮುಂದೆ ಹೋಗದೆ 2019ರಲ್ಲಿ ಬಿದ್ದುಹೋಯಿತು. ಹತ್ತು ವರ್ಷಕ್ಕೂ ಜಾಸ್ತಿ ಕಾಲದಿಂದ ಕಾಯ್ದೆ ಪುಸ್ತಕದಲ್ಲೇ ಕೂತಿದೆ.

ಈ ಕಾಯ್ದೆಯ 11ನೇ ಸೆಕ್ಷನ್‌ನಲ್ಲಿ ತುಂಬಾ ಬೆಲೆಬಾಳುವ ಒಂದು ಅಂಶ ಇದೆ. ದೂರು ಕೊಟ್ಟವರಿಗೆ ತೊಂದರೆಯಾದರೆ, ಅದು ಸೇಡಿನ ಕ್ರಮ ಅಲ್ಲ ಅಂತ ಸಾಬೀತು ಮಾಡಬೇಕಾದ ಹೊಣೆ ಆಡಳಿತದ್ದು. ಮೇಲೆ ಹೇಳಿದ ಡ್ಯೂಟಿ ಪಟ್ಟಿ, ಮೆಮೊ, ನಿಯೋಜನೆಗಳ ವಿರುದ್ಧ ನಿಜವಾಗಿ ಕೆಲಸ ಮಾಡಬಲ್ಲ ಮದ್ದು ಇದೊಂದೇ. ಬೀರುವಿನ ಬೀಗದ ಕೈ ಯಾರ ಹತ್ತಿರ ಇದೆಯೋ ಅವರೇ ಫೈಲು ತೆಗೆದು ತೋರಿಸಲಿ, ಅಷ್ಟೇ. ದೂರುದಾರರ ಹೆಸರು ಬಯಲು ಮಾಡಿದವರಿಗೆ ಮೂರು ವರ್ಷದವರೆಗೆ ಜೈಲು ಎಂದೂ ಅದರಲ್ಲಿದೆ.

ನಾಳೆಯೇ ಜಾರಿಯಾದರೂ ದೊಡ್ಡ ಕೊರತೆಯೊಂದು ಹಾಗೇ ಉಳಿಯುತ್ತದೆ. ಕಾಯ್ದೆ ಅನ್ವಯವಾಗುವುದು ಸಾರ್ವಜನಿಕ ನೌಕರರ ವಿರುದ್ಧದ ದೂರಿಗೆ ಮಾತ್ರ. ಖಾಸಗಿ ಆಸ್ಪತ್ರೆ ಅದರ ವ್ಯಾಪ್ತಿಯಲ್ಲೇ ಇಲ್ಲ. ನಮ್ಮಲ್ಲಿ ಜಾಸ್ತಿ ಜನ ಚಿಕಿತ್ಸೆಗೆ ಹೋಗುವುದು ಖಾಸಗಿಗೇ. 2013ರ ಕಂಪನಿ ಕಾಯ್ದೆ ಷೇರುಪೇಟೆಯಲ್ಲಿರುವ ಕಂಪನಿಗಳಿಗೆ, ಜೊತೆಗೆ ಠೇವಣಿ ಪಡೆಯುವ ಅಥವಾ ದೊಡ್ಡ ಸಾಲ ಮಾಡಿದ ಕೆಲವಕ್ಕೆ, ಒಳದೂರು ಕೇಳುವ ವ್ಯವಸ್ಥೆ ಕಡ್ಡಾಯ ಮಾಡಿದೆ. ದೊಡ್ಡ ಆಸ್ಪತ್ರೆ ಸರಣಿಗಳಿಗೆ ಅದು ಅನ್ವಯಿಸುತ್ತದೆ. ಜಿಲ್ಲಾ ಕೇಂದ್ರದಲ್ಲಿ ಡಾಕ್ಟರ್ ದಂಪತಿ ನಡೆಸುವ 30 ಹಾಸಿಗೆಯ ನರ್ಸಿಂಗ್ ಹೋಮ್‌ಗೆ, ಟ್ರಸ್ಟ್ ಆಸ್ಪತ್ರೆಗೆ ಅನ್ವಯಿಸುವುದಿಲ್ಲ. 2004ರಿಂದ ಕೇಂದ್ರ ಜಾಗೃತ ಆಯೋಗಕ್ಕೆ ಮುಚ್ಚಿದ ಲಕೋಟೆಯಲ್ಲಿ ದೂರು ಕಳಿಸುವ ದಾರಿ ಇದೆ, ಆದರೆ ಅದು ಕೇಂದ್ರದ ನೌಕರರು, ಸಂಸ್ಥೆಗಳ ವಿರುದ್ಧದ ದೂರಿಗೆ ಮಾತ್ರ. ರಾಜ್ಯದ ಆಸ್ಪತ್ರೆಯ ವಿಷಯಕ್ಕೆ ಲೋಕಾಯುಕ್ತಕ್ಕೆ ಹೋಗಬಹುದು. ಅಲ್ಲಿ ಹೆಸರು, ವಿಳಾಸ ಬರೆದು ಪ್ರಮಾಣಪತ್ರ ಕೊಡಬೇಕು.

2009ರಿಂದ ಕರ್ನಾಟಕದಲ್ಲಿ ವೈದ್ಯರು, ನರ್ಸ್‌ಗಳ ಮೇಲೆ ಹಲ್ಲೆ ಮಾಡುವವರ ವಿರುದ್ಧ ಪ್ರತ್ಯೇಕ ಕಾಯ್ದೆ ಇದೆ. ಬೇಕಾದ ಕಾಯ್ದೆಯೇ, ಇನ್ನೂ ಚೆನ್ನಾಗಿ ಜಾರಿಯಾಗಬೇಕು. ಹೊರಗಿನಿಂದ ಬರುವ ಏಟಿಗೆ ಹೀಗೆ ರಕ್ಷಣೆ ಕೊಟ್ಟ ರಾಜ್ಯ, ಒಳಗಿನಿಂದ ಬೀಳುವ ಏಟಿನ ಬಗ್ಗೆ ಇನ್ನೂ ಯೋಚಿಸಿಲ್ಲ.

ಹೆಸರು ಗುಟ್ಟಾಗಿಟ್ಟರೆ ಸಾಕಲ್ವಾ ಅಂತ ಅನಿಸಬಹುದು. ಅಷ್ಟು ಸುಲಭವಲ್ಲ. ಅಮೆರಿಕದ ಟೆಕ್ಸಾಸ್‌ನಲ್ಲಿ ಕೆರ್ಮಿಟ್ ಎಂಬ ಸಣ್ಣ ಊರಿದೆ. 2009ರಲ್ಲಿ ಅಲ್ಲಿನ ಆಸ್ಪತ್ರೆಯ ಇಬ್ಬರು ಹಿರಿಯ ನರ್ಸ್‌ಗಳು ಒಬ್ಬ ವೈದ್ಯರ ಚಿಕಿತ್ಸೆ ಸರಿಯಿಲ್ಲ ಅಂತ ರಾಜ್ಯದ ಮೆಡಿಕಲ್ ಬೋರ್ಡ್‌ಗೆ ಪತ್ರ ಬರೆದರು. ತಮ್ಮ ಹೆಸರು ಹಾಕಲಿಲ್ಲ. ರೋಗಿಗಳ ಹೆಸರೂ ಹಾಕಲಿಲ್ಲ, ಫೈಲ್ ನಂಬರ್ ಮಾತ್ರ ಕೊಟ್ಟರು. ಆ ವೈದ್ಯರು ಅಲ್ಲಿನ ಪೊಲೀಸ್ ಮುಖ್ಯಸ್ಥ, ಅಂದರೆ ಶೆರಿಫ್‌ಗೆ ಗೆಳೆಯ. ಶೆರಿಫ್ ಬೋರ್ಡ್‌ನಿಂದಲೇ ಪತ್ರದ ಪ್ರತಿ ತರಿಸಿಕೊಂಡರು. ಬರೆದವರ ವಯಸ್ಸು, ಎಷ್ಟು ವರ್ಷದಿಂದ ಕೆಲಸದಲ್ಲಿದ್ದಾರೆ ಎಂಬ ಸುಳಿವು ಅದರಲ್ಲಿತ್ತು. ಸಣ್ಣ ಆಸ್ಪತ್ರೆಯಲ್ಲಿ ಅಷ್ಟು ಸಾಕಾಯಿತು. ಕಂಪ್ಯೂಟರ್ ಜಪ್ತಿ ಮಾಡಿ ಹುಡುಕಿದಾಗ ಪತ್ರ ಸಿಕ್ಕಿತು. ಇಬ್ಬರ ಕೆಲಸ ಹೋಯಿತು. ಅಷ್ಟಕ್ಕೇ ಬಿಡಲಿಲ್ಲ. ಸರ್ಕಾರಿ ಮಾಹಿತಿ ದುರುಪಯೋಗ ಅಂತ ಕ್ರಿಮಿನಲ್ ಕೇಸ್ ಹಾಕಿದರು, ಹತ್ತು ವರ್ಷದವರೆಗೆ ಜೈಲು ಆಗಬಹುದಾದ ಕೇಸು. ಒಬ್ಬರ ಮೇಲಿನ ಕೇಸನ್ನು ಆಮೇಲೆ ಕೈಬಿಟ್ಟರು. ಇನ್ನೊಬ್ಬರ ವಿಚಾರಣೆ 2010ರ ಫೆಬ್ರವರಿಯಲ್ಲಿ ಮುಗಿಯಿತು. ಸಾಮಾನ್ಯ ನಾಗರಿಕರ ತೀರ್ಪು ಮಂಡಳಿಯಾದ ಜ್ಯೂರಿ ಒಂದು ಗಂಟೆಯೊಳಗೆ ನಿರ್ದೋಷಿ ಎಂದಿತು. ನರ್ಸ್‌ಗಳಿಗೆ 7.5 ಲಕ್ಷ ಡಾಲರ್ ಪರಿಹಾರ ಸಿಕ್ಕಿತು. ಮುಂದೆ ಶೆರಿಫ್‌ಗೂ, ಕೇಸು ನಡೆಸಿದ ಸರ್ಕಾರಿ ವಕೀಲರಿಗೂ, ಆ ವೈದ್ಯರಿಗೂ ಶಿಕ್ಷೆಯಾಯಿತು.

ನಮ್ಮ ತಾಲ್ಲೂಕು ಆಸ್ಪತ್ರೆಯ ಲೇಬರ್ ವಾರ್ಡ್‌ನಲ್ಲಿ ಒಂದು ಪಾಳಿಗೆ ಇಬ್ಬರೋ ಮೂವರೋ ನರ್ಸ್ ಇರುತ್ತಾರೆ. ಅಲ್ಲಿ ನಡೆದದ್ದನ್ನು ಬರೆದವರು ಯಾರು ಅಂತ ಗೊತ್ತಾಗಲು ಶೆರಿಫ್ ಕೂಡ ಬೇಕಿಲ್ಲ. ಹಾಗಾಗಿ ಗುಟ್ಟು ಒಳ್ಳೆಯದೇ, ಆದರೆ ಗುಟ್ಟು ಒಡೆದ ದಿನವೂ ಕೆಲಸ ಮಾಡುವ ರಕ್ಷಣೆ ಬೇಕು.

ಬ್ರಿಟನ್‌ನ ಅನುಭವವನ್ನು ನಾವು ಗಮನವಿಟ್ಟು ನೋಡಬೇಕು. ಕನ್ನಡಿಗ ಡಾಕ್ಟರ್, ನರ್ಸ್‌ಗಳು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ದುಡಿಯುತ್ತಿದ್ದಾರೆ, ಅಲ್ಲಿನ ನಿಯಮ ಅವರಿಗೂ ಅನ್ವಯ. 1988ರಲ್ಲಿ ಬ್ರಿಸ್ಟಲ್‌ನ ಆಸ್ಪತ್ರೆಗೆ ಸ್ಟೀಫನ್ ಬಾಲ್ಸಿನ್ ಎಂಬ ಅರಿವಳಿಕೆ ತಜ್ಞ ಸೇರಿದರು. ಅಲ್ಲಿ ಮಕ್ಕಳ ಹೃದಯದ ಆಪರೇಷನ್ ತುಂಬಾ ಹೊತ್ತು ಹಿಡಿಯುತ್ತಿತ್ತು, ಬೇರೆ ಕಡೆಗಿಂತ ಜಾಸ್ತಿ ಮಕ್ಕಳು ಸಾಯುತ್ತಿದ್ದರು. 1990ರಲ್ಲೇ ಅವರು ಆಸ್ಪತ್ರೆಯ ಮುಖ್ಯಸ್ಥರಿಗೆ ಪತ್ರ ಬರೆದರು. ಅಂಕಿಅಂಶ ಕಲೆಹಾಕಿದರು. ಯಾರೂ ಕಿವಿಗೊಡಲಿಲ್ಲ. 1995ರ ಜನವರಿಯಲ್ಲಿ ಒಂದು ಮಗುವಿನ ಆಪರೇಷನ್ ಬೇಡ ಅಂತ ಹಿಂದಿನ ಸಂಜೆ ಸಭೆಯಲ್ಲಿ ಹೇಳಿದರೂ ಆಪರೇಷನ್ ನಡೆಯಿತು, ಮಗು ಉಳಿಯಲಿಲ್ಲ. 2001ರ ವಿಚಾರಣಾ ವರದಿಯ ಪ್ರಕಾರ 1991ರಿಂದ 1995ರ ನಡುವೆ ಒಂದು ವರ್ಷದೊಳಗಿನ 30ರಿಂದ 35 ಮಕ್ಕಳು ಅಲ್ಲಿ ನಿರೀಕ್ಷೆಗಿಂತ ಹೆಚ್ಚಾಗಿ ಸತ್ತಿದ್ದರು. ಆ ಮೊದಲ ಪತ್ರ ಬರೆದ ಮೇಲಿನ ವರ್ಷಗಳು ಇವು. ಬಾಲ್ಸಿನ್ ದೇಶ ಬಿಟ್ಟು ಆಸ್ಟ್ರೇಲಿಯಾಕ್ಕೆ ಹೋಗಬೇಕಾಯಿತು.

ಆದರೆ ಬ್ರಿಸ್ಟಲ್‌ನಲ್ಲಿ ನಮ್ಮಲ್ಲಿ ಆಗದ ಒಂದು ಕೆಲಸ ಆಯಿತು. ಆಸ್ಪತ್ರೆಯ ಮುಖ್ಯಸ್ಥರೂ ಡಾಕ್ಟರೇ. ಎಚ್ಚರಿಕೆ ಬಂದರೂ ಏನೂ ಮಾಡದೆ ಕೂತಿದ್ದಕ್ಕೆ 1998ರಲ್ಲಿ ಅವರ ಹೆಸರನ್ನು ವೈದ್ಯರ ನೋಂದಣಿ ಪಟ್ಟಿಯಿಂದಲೇ ತೆಗೆದುಹಾಕಿದರು. ಕತ್ತರಿ ಹಿಡಿದವರ ಜೊತೆಗೆ, ದೂರನ್ನು ಕೇಳಿಸಿಕೊಳ್ಳದವರೂ ಹೊಣೆ ಹೊತ್ತರು. ಅದೇ ವರ್ಷ ಅಲ್ಲಿ ಸಾರ್ವಜನಿಕ ಹಿತಕ್ಕಾಗಿ ಮಾಹಿತಿ ಹೊರಗೆಡಹುವವರ ಕಾನೂನು ಬಂತು. ಅದು ಖಾಸಗಿ, ಸರ್ಕಾರಿ, ಏಜೆನ್ಸಿ ಎಲ್ಲ ಕೆಲಸಗಾರರಿಗೂ ಅನ್ವಯಿಸುತ್ತದೆ.

ಅಷ್ಟಾದರೂ ಎಲ್ಲ ಸರಿಹೋಗಲಿಲ್ಲ. ಕವೆಂಟ್ರಿಯ ಹೃದ್ರೋಗ ತಜ್ಞ ರಾಜ್ ಮಟ್ಟು, ನಾಲ್ಕು ಹಾಸಿಗೆಯ ಜಾಗದಲ್ಲಿ ಐದು ಹಾಸಿಗೆ ತುರುಕಿ ರೋಗಿಗಳ ಜೀವಕ್ಕೆ ಅಪಾಯ ತರುತ್ತಿದ್ದಾರೆ ಅಂತ 2001ರಲ್ಲಿ ಬಹಿರಂಗವಾಗಿ ಹೇಳಿದರು. 2002ರಲ್ಲಿ ಸಸ್ಪೆಂಡ್ ಆದರು. ಕಾರಣ ಹಾಸಿಗೆಯದ್ದಲ್ಲ, ಅವರ ನಡತೆಯ ಮೇಲಿನ ಬೇರೆ ಬೇರೆ ಆರೋಪಗಳು. 2010ರಲ್ಲಿ ಕೆಲಸದಿಂದ ತೆಗೆದರು. ಅದು ಅನ್ಯಾಯ ಅಂತ ನ್ಯಾಯಮಂಡಳಿ ಹೇಳಿದ್ದು 2014ರಲ್ಲಿ, 12.2 ಲಕ್ಷ ಪೌಂಡ್ ಪರಿಹಾರ ಸಿಕ್ಕಿದ್ದು 2016ರಲ್ಲಿ. ಹದಿನೈದು ವರ್ಷ ಹೋಯಿತು. ಕಳೆದುಕೊಂಡ ಮೇಲೆ ಪರಿಹಾರ ಕೊಡುವ ಕಾನೂನು ಇದ್ದರೆ ಸಾಲದು, ಕಳೆದುಕೊಳ್ಳುವ ಮೊದಲೇ ತಡೆಯಬೇಕು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? 2015ರ ವರದಿಯೊಂದರ ಬಳಿಕ ಅಲ್ಲಿ ಆಸ್ಪತ್ರೆ ನಡೆಸುವ ಪ್ರತಿ ಎನ್‌ಎಚ್‌ಎಸ್ ಟ್ರಸ್ಟ್‌ನಲ್ಲೂ ಸಿಬ್ಬಂದಿಯ ದೂರು ಕೇಳಲೆಂದೇ ಒಬ್ಬರನ್ನು ನೇಮಿಸಿದರು. ಉಪಯೋಗವಾಗಿದೆ. ಆದರೆ ಅವರೂ ಅದೇ ಆಸ್ಪತ್ರೆಯ ಸಂಬಳದವರು ಎಂಬ ಮಿತಿ ಇದ್ದೇ ಇದೆ.

ನಮ್ಮ ವೈದ್ಯರು ಕೇಳುವ ಒಂದು ಪ್ರಶ್ನೆಗೆ ಉತ್ತರಿಸಲೇಬೇಕು. ಇಂಥ ಕಾನೂನು ಬಂದರೆ ಹೊಟ್ಟೆಕಿಚ್ಚಿಗೆ, ಜಾತಿ ಜಗಳಕ್ಕೆ, ಪ್ರಮೋಷನ್ ಪೈಪೋಟಿಗೆ ಸುಳ್ಳು ದೂರು ಕೊಡುವವರು ಹೆಚ್ಚುವುದಿಲ್ಲವೇ? ಭಯದಲ್ಲಿ ಹುರುಳಿಲ್ಲ ಅನ್ನಲಾರೆ. ರೋಗಿ ಸತ್ತಾಗಲೆಲ್ಲ ತಪ್ಪು ಆಗಿದೆ ಅಂತಲ್ಲ. ಆದರೆ ತಿಳಿದೂ ಸುಳ್ಳು ಹೇಳುವುದು ಬೇರೆ, ಕಂಡದ್ದನ್ನು ನಂಬಿ ಹೇಳಿ ಆಮೇಲೆ ತಪ್ಪು ಅಂತ ಗೊತ್ತಾಗುವುದು ಬೇರೆ. 2014ರ ಕಾಯ್ದೆಯಲ್ಲೇ ಬೇಕಂತಲೇ ಸುಳ್ಳು ದೂರು ಕೊಟ್ಟವರಿಗೆ ಎರಡು ವರ್ಷದವರೆಗೆ ಜೈಲು ಇದೆ. ಅದಕ್ಕಿಂತ ಜಾಸ್ತಿ ಬೆದರಿಕೆ ಹಾಕಿದರೆ ನಿಜ ಹೇಳುವವರೂ ಬರುವುದಿಲ್ಲ. ದೂರನ್ನು ಬೇಗ, ಹೊರಗಿನವರಿಂದ ಪರೀಕ್ಷಿಸಿದರೆ ಸುಳ್ಳು ಆರೋಪಕ್ಕೆ ಸಿಕ್ಕ ವೈದ್ಯರಿಗೂ ಒಳ್ಳೆಯದು. ವರ್ಷಗಟ್ಟಲೆ ನೇತಾಡುವ ಅನುಮಾನ ಅವರನ್ನೂ ಸುಡುತ್ತದೆ.

ಕಾನೂನು ಬರುವ ತನಕ ಒಳಗಿರುವವರು ಏನು ಮಾಡಬಹುದು? ಕಂಡದ್ದನ್ನು ಅವತ್ತೇ, ದಿನಾಂಕ, ಸಮಯ ಹಾಕಿ ಬರೆದಿಡಿ. ಮೊದಲು ಮೇಲಿನವರಿಗೆ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ, ಬಾಯಿಮಾತಿಗೆ ದಾಖಲೆ ಇರುವುದಿಲ್ಲ. ಸಾಧ್ಯವಾದರೆ ಇಬ್ಬರು ಮೂವರು ಸೇರಿ ಸಹಿ ಹಾಕಿ. ರೋಗಿಯ ಫೋಟೊ, ಕೇಸ್ ಶೀಟ್ ಅನ್ನು ವಾಟ್ಸ್ಆ್ಯಪ್ ಗ್ರೂಪಿಗೆ ಹಾಕಬೇಡಿ. ರೋಗಿಯ ಗುಟ್ಟು ಒಡೆದರು ಅನ್ನುವುದೇ ನಿಮ್ಮ ಮೇಲಿನ ಮೊದಲ ಚಾರ್ಜ್ ಆಗುತ್ತದೆ. ಕೆರ್ಮಿಟ್‌ನ ನರ್ಸ್‌ಗಳು ಫೈಲ್ ನಂಬರ್ ಮಾತ್ರ ಕೊಟ್ಟಿದ್ದು ನೆನಪಿರಲಿ.

ಔಷಧಿಯ ವಿಷಯಕ್ಕಾದರೆ ಒಂದು ಒಳ್ಳೆಯ ದಾರಿ ಈಗಲೇ ಇದೆ. 2024ರ ನವೆಂಬರ್‌ನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಐವರು ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡರು, ಅವರಿಗೆ ಕೊಟ್ಟ ಐವಿ ದ್ರಾವಣದ ಮೇಲೆ ಅನುಮಾನ ಬಂತು. ಅಂಥ ಬಾಟಲಿ ಏರಿಸುವುದು ನರ್ಸ್, ಚಳಿ ನಡುಕ ಮೊದಲು ನೋಡುವುದೂ ನರ್ಸ್. 2010ರಿಂದ ನಡೆಯುತ್ತಿರುವ ರಾಷ್ಟ್ರೀಯ ಔಷಧ ನಿಗಾ ಕಾರ್ಯಕ್ರಮಕ್ಕೆ ಯಾವ ನರ್ಸ್ ಬೇಕಾದರೂ ನೇರವಾಗಿ ವರದಿ ಮಾಡಬಹುದು. ಸಹಾಯವಾಣಿ 1800-180-3024. ವರದಿ ಮಾಡಿದವರ ಹೆಸರು ಗುಟ್ಟಾಗಿರುತ್ತದೆ, ವರದಿ ಕೊಟ್ಟರೆ ತಪ್ಪು ಒಪ್ಪಿಕೊಂಡಂತೆ ಅಲ್ಲ.

ಉಳಿದದ್ದಕ್ಕೆ ದೆಹಲಿಯ ಅಧಿಸೂಚನೆಗೇ ಕಾಯಬೇಕು ಅಂತಿಲ್ಲ. ಖಾಸಗಿ ಆಸ್ಪತ್ರೆಗಳ ನೋಂದಣಿ ಕಾಯ್ದೆ, ನಾವು ಕೆಪಿಎಂಇ ಅನ್ನುವುದು, ರಾಜ್ಯದ್ದೇ. 2017ರ ತಿದ್ದುಪಡಿಯ ಬಳಿಕ ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯಲ್ಲಿ ಕುಂದುಕೊರತೆ ಪ್ರಾಧಿಕಾರ ಇದೆ. ರೋಗಿಗಳ ದೂರು ಕೇಳುವ ಈ ಪ್ರಾಧಿಕಾರಕ್ಕೆ ಸಿಬ್ಬಂದಿಯ ದೂರನ್ನೂ ಗುಟ್ಟಾಗಿ ಪಡೆಯುವ ಅಧಿಕಾರ ಕೊಡಬೇಕು. ದೂರು ಬಂದ ಒಂದು ವರ್ಷದೊಳಗೆ ಆ ನೌಕರರ ವರ್ಗಾವಣೆ, ವಜಾ, ಗುತ್ತಿಗೆ ನಿಲ್ಲಿಸುವುದು, ಅನುಭವ ಪತ್ರ ತಡೆಯುವುದು ಏನೇ ಆದರೂ ಅದು ಸೇಡಲ್ಲ ಅಂತ ಆಸ್ಪತ್ರೆಯೇ ಸಾಬೀತು ಮಾಡಲಿ. ಸರ್ಕಾರಿ ಆಸ್ಪತ್ರೆಗಳಿಗೂ ಅದೇ ನಿಯಮ ಬರಲಿ. ಸೇಡು ಅಂತ ಸಾಬೀತಾದ ಖಾಸಗಿ ಆಸ್ಪತ್ರೆಯ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣಕ್ಕೆ ಬಂದಾಗ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿ. ಇದಿಷ್ಟನ್ನು ವಿಧಾನಸಭೆಯ ಒಂದು ಅಧಿವೇಶನದಲ್ಲಿ ಮಾಡಬಹುದು.